2.31 ಕೋಟಿ ಡಾಲರ್ 61.25 ಕೋಟಿ ಆದ ಬಗೆ

ಪೇಟೆಂಟ್ ಕೇಸಿನಲ್ಲಿ ಕಂಪನಿ ಸೋತಿತು ಅಂದ ಕೂಡಲೇ ಪರಿಹಾರ ಎಷ್ಟು ಅಂತ ಕೇಳುತ್ತೇವೆ. ತಡೆಯಾಜ್ಞೆ ಬಂತಾ ಅಂತ ಮೊದಲು ಕೇಳಬೇಕು. ಬ್ಲ್ಯಾಕ್‌ಬೆರಿ ತಯಾರಿಸುತ್ತಿದ್ದ ಕೆನಡಾದ ರಿಮ್ (ರಿಸರ್ಚ್ ಇನ್ ಮೋಷನ್) ಕಂಪನಿಗೆ ಹೊಡೆತ ಬಿದ್ದದ್ದು ಅಲ್ಲೇ.

ವೈರ್‌ಲೆಸ್ ಇಮೇಲ್ ಪೇಟೆಂಟ್‌ಗಳನ್ನು ಇಟ್ಟುಕೊಂಡಿದ್ದ ಎನ್‌ಟಿಪಿ ಎಂಬ ಕಂಪನಿ 2001ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ರಿಮ್ ಮೇಲೆ ದಾವೆ ಹೂಡಿತು. ಎನ್‌ಟಿಪಿ ಯಾವ ಸರಕನ್ನೂ ಮಾರುತ್ತಿರಲಿಲ್ಲ. ಹಾಗಾಗಿ ಪ್ರತಿದಾವೆ ಹೂಡಿ, ಪೇಟೆಂಟ್‌ಗೆ ಪೇಟೆಂಟ್ ಕೊಟ್ಟು ಮುಗಿಸೋಣ ಅನ್ನುವ ದಾರಿಯೇ ರಿಮ್‌ಗೆ ಇರಲಿಲ್ಲ.

ಇಂಥ ವ್ಯವಸ್ಥೆ ಮೊದಲೇ ಇತ್ತು ಎಂದು ತೋರಿಸಲು ರಿಮ್ ಹಳೆಯ ಸಿಸ್ಟಮ್ ಒಂದನ್ನು ಕೋರ್ಟಿನಲ್ಲೇ ಓಡಿಸಿತು. ಅದರಲ್ಲಿದ್ದ ಸಾಫ್ಟ್‌ವೇರ್ ಪೇಟೆಂಟ್‌ಗಿಂತ ಆಮೇಲಿನ ಆವೃತ್ತಿ ಎಂದು ಗೊತ್ತಾಯಿತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಪೇಟೆಂಟನ್ನು ಉರುಳಿಸಬೇಕಿದ್ದ ಸಾಕ್ಷ್ಯ ತಿರುಗಿ ಮಂಡಿಸಿದವರಿಗೇ ಮುಳುವಾಯಿತು. ಹಳೆಯ ಸಾಫ್ಟ್‌ವೇರ್ ತೋರಿಸುವವರು ಪ್ರತಿ ಫೈಲಿನ ತಾರೀಖನ್ನೂ ನೋಡಿಕೊಳ್ಳಲೇಬೇಕು.

2002ರ ನವೆಂಬರ್‌ನಲ್ಲಿ ಜ್ಯೂರಿ ಹೇಳಿದ್ದು ಮಾರಾಟದ ಮೇಲೆ ಶೇ. 5.7 ರಾಯಲ್ಟಿ, ಒಟ್ಟು 2.31 ಕೋಟಿ ಡಾಲರ್. ಉಲ್ಲಂಘನೆ ಗೊತ್ತಿದ್ದೂ ಮಾಡಿದ್ದು ಎಂದೂ ಹೇಳಿತು. ಆ ಕಾರಣಕ್ಕೆ ಪರಿಹಾರ ಒಂದೂವರೆ ಪಟ್ಟು ಏರಿ, ದರ ಶೇ. 8.55ಕ್ಕೆ ಹೋಯಿತು. 2003ರ ಆಗಸ್ಟ್‌ನ ಅಂತಿಮ ಆದೇಶದಲ್ಲಿ 5.37 ಕೋಟಿ ಡಾಲರ್, ಜೊತೆಗೆ ಅಮೆರಿಕದಲ್ಲಿ ಮಾರಾಟ ನಿಲ್ಲಿಸುವ ತಡೆಯಾಜ್ಞೆ. ಮೇಲ್ಮನವಿ ಮುಗಿಯುವವರೆಗೆ ಅದು ಅಮಾನತಿನಲ್ಲಿತ್ತು, ಅಷ್ಟೆ. ರಾಯಲ್ಟಿ ಲೆಕ್ಕ ಮಾತ್ರ ಏರುತ್ತಲೇ ಇತ್ತು.

ಇಮೇಲ್ ಹಾದುಹೋಗುವ ರಿಲೇ (ಸಂದೇಶ ದಾಟಿಸುವ ಕೇಂದ್ರ) ಕೆನಡಾದಲ್ಲಿದೆ, ಅಮೆರಿಕದ ಪೇಟೆಂಟ್ ಹೇಗೆ ಅನ್ವಯಿಸುತ್ತದೆ ಎಂಬುದು ಮೇಲ್ಮನವಿಯ ಒಂದು ಗಟ್ಟಿ ವಾದ. ಅದು ಅರ್ಧ ಗೆದ್ದಿತು. ವಿಧಾನದ ಮೇಲಿನ ಪೇಟೆಂಟ್ ಆದರೆ ಪ್ರತಿ ಹಂತವೂ ಅಮೆರಿಕದಲ್ಲೇ ನಡೆಯಬೇಕು. ವ್ಯವಸ್ಥೆಯ ಮೇಲಿನದಾದರೆ ಅದರ ನಿಯಂತ್ರಣ, ಬಳಕೆ ಅಮೆರಿಕದಲ್ಲಿದ್ದರೆ ಸಾಕು ಎಂದು 2005ರಲ್ಲಿ ತೀರ್ಪಾಯಿತು. ತಡೆಯಾಜ್ಞೆಯ ಭಯ ಉಳಿಯಲು ಆ ಎರಡನೆಯದೇ ಸಾಕಿತ್ತು.

ಅದೇ ವರ್ಷ 45 ಕೋಟಿ ಡಾಲರಿನ ರಾಜಿ ಮುರಿದುಬಿದ್ದಿತ್ತು. ಪೇಟೆಂಟ್ ಕಚೇರಿ ಮರುಪರಿಶೀಲನೆಯಲ್ಲಿ ಎನ್‌ಟಿಪಿಯ ಹಕ್ಕುಗಳನ್ನು ತಿರಸ್ಕರಿಸುತ್ತಿತ್ತು, ಆದರೆ ಕೋರ್ಟ್ ಅದಕ್ಕಾಗಿ ಕಾಯಲಿಲ್ಲ. 2006ರ ಮಾರ್ಚ್ 3ರಂದು ರಿಮ್ 61.25 ಕೋಟಿ ಡಾಲರ್ ಕೊಟ್ಟು ಮುಗಿಸಿತು. 45 ಕೋಟಿ ಮೊದಲೇ ತೆಗೆದಿರಿಸಿದ್ದರಿಂದ ಆ ತ್ರೈಮಾಸಿಕದ ಲೆಕ್ಕಕ್ಕೆ ಹೊಸದಾಗಿ ಬಂದ ಹೊರೆ 16.25 ಕೋಟಿ. ಮುಂದೆ ಪೇಟೆಂಟ್ ರದ್ದಾದರೂ ಹಣ ವಾಪಸಿಲ್ಲ ಎಂಬುದೂ ಒಪ್ಪಂದದಲ್ಲಿತ್ತು.

ಸರಿಯಾಗಿ 73 ದಿನಕ್ಕೆ, ಮೇ 15ರಂದು, ಆನ್‌ಲೈನ್ ಮಾರಾಟ ತಾಣ ಇಬೇಯ ಪೇಟೆಂಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತು: ಪೇಟೆಂಟ್ ಕೇಸು ಗೆದ್ದ ಮಾತ್ರಕ್ಕೆ ತಡೆಯಾಜ್ಞೆ ತಾನಾಗಿ ಸಿಗದು. ಅಷ್ಟರಲ್ಲಿ ರಿಮ್ ಹಣ ಕೊಟ್ಟಾಗಿತ್ತು.