ಉದುರಿದ ಎಲೆಗಳ ನಡಿಗೆ
ಹೊಂಗೆ ಮರದಡಿ ಆಯ್ದು ತಂದ ಎಲೆ, ಒಣಗಿದ ಕಾಯಿ, ದುಂಬಿಯ ರೆಕ್ಕೆಗಳನ್ನು ಗಾಜಿನ ಮೇಲೆ ಹರಡಿ, ಒಂದೊಂದನ್ನೂ ಕೂದಲೆಳೆಯಷ್ಟು ಸರಿಸುತ್ತ ಚಿತ್ರ ತೆಗೆದು, ಆ ಚಿತ್ರಗಳನ್ನು ಸಾಲಾಗಿ ಓಡಿಸಿ ಎಲೆ-ಕಾಯಿಗಳೇ ಚಲಿಸುವಂತೆ ಮಾಡುವುದು ಕಳೆದ ಮಳೆಗಾಲದಿಂದ ನನ್ನ ಸಂಜೆಗಳ ಕೆಲಸವಾಗಿದೆ. ಸೆಕೆಂಡಿಗೆ 12 ಚಿತ್ರಗಳಂತೆ 10 ಸೆಕೆಂಡಿನ ಚಲನೆಗೆ 120 ಚಿತ್ರಗಳು ಬೇಕು. ಅಷ್ಟರಲ್ಲಿ ದೀಪದ ಶಾಖಕ್ಕೆ ಹಸಿ ಎಲೆ ಅಂಚಿನಿಂದ ಒಳಕ್ಕೆ ಮುದುಡತೊಡಗುತ್ತದೆ. ಮೊದಲು ಪುಸ್ತಕದೊಳಗಿಟ್ಟು ಒತ್ತಿ ಅದನ್ನು ತಡೆಯುತ್ತಿದ್ದೆ, ಈಗ ಆ ಮುದುಡುವಿಕೆಯನ್ನೇ ಚಿತ್ರದ ನಡಿಗೆಯಾಗಿ ಉಳಿಸಿಕೊಳ್ಳುತ್ತೇನೆ.

ಅಮೆರಿಕದ ಚಿತ್ರನಿರ್ದೇಶಕ ಸ್ಟ್ಯಾನ್ ಬ್ರಾಕೇಜ್ 1963ರಲ್ಲಿ ಕ್ಯಾಮೆರಾವನ್ನೇ ಬಳಸದೆ, ಪತಂಗದ ರೆಕ್ಕೆ, ಹೂದಳ, ಹುಲ್ಲುಗಳನ್ನು ಎರಡು ಪಾರದರ್ಶಕ ಪಟ್ಟಿಗಳ ನಡುವೆ ಅಂಟಿಸಿ ‘ಮಾತ್‌ಲೈಟ್’ ಎಂಬ ಕಿರುಚಿತ್ರ ರೂಪಿಸಿದರು. ಬೆಳಕು ವಸ್ತುವಿನ ಮೂಲಕವೇ ಹಾದು ಬರುವುದರಿಂದ ಅಲ್ಲಿ ರೆಕ್ಕೆಯ ನರಗಳು ಪರದೆಯ ಮೇಲೆ ಮಿಡಿಯುತ್ತವೆ. ಆ ನರಗಳ ಆಸೆಗೆ ನಾನೂ ಈಗ ಗಾಜಿನ ಕೆಳಗಿನಿಂದ ದೀಪ ಹಿಡಿಯುತ್ತೇನೆ. ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ಕೊಳೆಸಿ, ತಿರುಳನ್ನು ಮೆತ್ತಗೆ ತೊಳೆದು, ಜೇಡರ ಬಲೆಯಂಥ ಹಂದರವನ್ನಷ್ಟೇ ಬೆಳಕಿಗೆ ಇಡುತ್ತೇನೆ.