ಸುಟ್ಟ ಪಚ್ಚಿಲೆ, ಕೂಗಿದ ಫ್ರೀಜರ್

ವ್ಯಾಂಕೂವರಿನ ಕಿಟ್ಸಿಲಾನೊ ಬೀಚಿಗೆ ಆ ದಿನ ಹೋದಾಗ ಮೊದಲು ನೆನಪಾಗಿದ್ದು ನಮ್ಮ ಮಲ್ಪೆ ಬಂದರು. ಆದರೆ ಇದು ಒಣಮೀನಿನ ವಾಸನೆ ಅಲ್ಲ. ಒಣಮೀನಿನ ವಾಸನೆಗೆ ನನಗೆ ಹಸಿವಾಗುತ್ತದೆ. ಇದು ಬೇಯಿಸಿಟ್ಟು ಎರಡು ದಿನ ಮರೆತ ಪಾತ್ರೆಯ ವಾಸನೆ. ಸೆರಗು ಇದ್ದಿದ್ದರೆ ಮೂಗಿಗೆ ಹಿಡಿಯುತ್ತಿದ್ದೆ. ಇದ್ದದ್ದು ಕೋವಿಡ್ ಮಾಸ್ಕ್, ಅದನ್ನೇ ಮೇಲೆಳೆದುಕೊಂಡೆ.

2021ರ ಜೂನ್ ಕೊನೆಯ ವಾರ. ಬಂಡೆಯ ತುಂಬ ಪಚ್ಚಿಲೆ, ಅಂದರೆ ಬಂಡೆಗೆ ಅಂಟಿಕೊಂಡು ಬದುಕುವ ಚಿಪ್ಪಿನ ಪ್ರಾಣಿ. ಇಲ್ಲಿಯದು ನಮ್ಮದಕ್ಕಿಂತ ಸಣ್ಣದು, ಹಸಿರಲ್ಲ, ನೀಲಿಗಪ್ಪು. ಆದರೂ ಒಂದೇ ಕುಟುಂಬ. ಎಲ್ಲವೂ ಬಾಯಿ ತೆರೆದುಕೊಂಡಿದ್ದವು. ಅಮ್ಮ ಪಚ್ಚಿಲೆ ಬೇಯಿಸಿ ಮುಚ್ಚಳ ತೆಗೆದಾಗ ಚಿಪ್ಪುಗಳು ಹೇಗೆ ಅಗಲವಾಗಿ ಬಿಟ್ಟುಕೊಂಡಿರುತ್ತವೆ, ಥೇಟ್ ಹಾಗೆ. ಒಲೆ ಇಲ್ಲ, ಪಾತ್ರೆ ಇಲ್ಲ. ಬಂಡೆಯ ಮೇಲೆ ಕೂತಲ್ಲೇ ಬೆಂದಿದ್ದವು.

ಆ ಬಿಸಿಲಿಗೆ ಇಲ್ಲಿಯವರು ಇಟ್ಟ ಹೆಸರು ಹೀಟ್ ಡೋಮ್. ಬಿಸಿಗಾಳಿಯ ಮೇಲೆ ಮುಚ್ಚಳ ಹಾಕಿದ ಹಾಗೆ ಹವೆ ಕೆಲವು ದಿನ ಕದಲದೆ ನಿಂತುಬಿಟ್ಟಿತ್ತು. ಲಿಟನ್ ಎಂಬ ಸಣ್ಣ ಊರಿನಲ್ಲಿ ಜೂನ್ 29ರಂದು 49.6 ಡಿಗ್ರಿ. ಅದಕ್ಕೆ ಮೊದಲು ಕೆನಡಾದ ದಾಖಲೆ 45 ಡಿಗ್ರಿ, ಅದೂ 1937ರದ್ದು. ಮರುದಿನ ಲಿಟನ್ ಊರೇ ಬೆಂಕಿಗೆ ಸುಟ್ಟುಹೋಯಿತು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸಿ ಇಲ್ಲ. ಸೀಲಿಂಗ್ ಫ್ಯಾನ್ ಕೂಡ ಇಲ್ಲ. ಇಲ್ಲಿಯ ಮನೆಗಳನ್ನು ಕಟ್ಟುವುದೇ ಒಳಗಿನ ಬಿಸಿ ಹೊರಗೆ ಹೋಗದ ಹಾಗೆ. ಇಲ್ಲೇ ಹತ್ತಿರದ ಸರ್ರೆಯಲ್ಲಿರುವ ನಮ್ಮ ರಾಯಚೂರಿನ ಸ್ನೇಹಿತರು ಮೊದಲನೇ ದಿನ ಫೋನ್ ಮಾಡಿ ನಕ್ಕರು. "ಇದಕ್ಯಾಕ ಇಷ್ಟು ಗದ್ಲ ಮಾಡ್ತಾರ್ರೀ? ನಮ್ಮ ರಾಯಚೂರಾಗ ಇದು ಮುಂಜಾನಿ ಬಿಸಿಲು." ಮೂರನೇ ದಿನ ನಾನೇ ಫೋನ್ ಮಾಡಿದೆ. "ಕಾರಿನಾಗ ಎಸಿ ಹಾಕ್ಕೊಂಡು ಕುಂತೀನ್ರೀ, ಮಕ್ಕಳೂ ಇಲ್ಲೇ ಅದಾರ" ಅಂದರು. ನಗು ಬರಲಿಲ್ಲ. ಆ ವಾರದ ಸೆಕೆಗೆ ಈ ಪ್ರಾಂತ್ಯದಲ್ಲಿ 619 ಜನ ತೀರಿಕೊಂಡರು ಅಂತ ಆಮೇಲೆ ಲೆಕ್ಕ ಬಂತು. ಬಹುಪಾಲು ಜನ ಸತ್ತಿದ್ದು ಬೀದಿಯಲ್ಲಲ್ಲ, ಮನೆಯೊಳಗೆ.

ಸಮುದ್ರದಂಚಿನ ಲೆಕ್ಕ ಇನ್ನೂ ದೊಡ್ಡದು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರಿಸ್ ಹಾರ್ಲಿ ಎಂಬ ಜೀವವಿಜ್ಞಾನಿ ಬಂಡೆ ಬಂಡೆ ಸುತ್ತಿ ಅಂದಾಜು ಹಾಕಿದರು. ಪಚ್ಚಿಲೆ, ನಕ್ಷತ್ರಮೀನು, ಬಸವನಹುಳು, ದೋಣಿಯ ತಳಕ್ಕೆ ಅಂಟುವ ಬಾರ್ನಕಲ್, ಎಲ್ಲ ಸೇರಿ ನೂರು ಕೋಟಿಗೂ ಹೆಚ್ಚು ಜೀವಿಗಳು. ಬಂಡೆಯ ಮೈ ಕೆಲವು ಕಡೆ 50 ಡಿಗ್ರಿ ದಾಟಿತ್ತು. ಇಲ್ಲಿಯ ಪಚ್ಚಿಲೆ ನಲವತ್ತು ಡಿಗ್ರಿಗೆ ತುಸು ಕಡಿಮೆ ಬಿಸಿಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಅಷ್ಟೆ.

ನಾನು ಇಲ್ಲಿ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಚಿಪ್ಪಿನ ಪ್ರಾಣಿಗಳಿಗೆ ಬಿಸಿ ತಾಗಿದಾಗ ಅವುಗಳ ಜೀನ್‌ಗಳು ಏನು ಮಾಡುತ್ತವೆ ಎಂದು ನೋಡುವುದು ನಮ್ಮ ಗುಂಪಿನ ಕೆಲಸ. ಊರಿಗೆ ಹೋದಾಗ ಇದನ್ನು ವಿವರಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಕೊನೆಗೆ ಸೋದರಮಾವನಿಗೆ ಯಕ್ಷಗಾನದ ಲೆಕ್ಕದಲ್ಲಿ ಹೇಳಿದಾಗ ಕೆಲಸ ಆಯಿತು. ಮೇಳದ ಪೆಟ್ಟಿಗೆಯಲ್ಲಿ ಎಲ್ಲ ವೇಷದ ಸಾಮಾನೂ ಇರುತ್ತದೆ. ಪೆಟ್ಟಿಗೆ ನೋಡಿ ಇವತ್ತು ಯಾವ ಪ್ರಸಂಗ ಅಂತ ಹೇಳಲಿಕ್ಕಾಗುವುದಿಲ್ಲ. ಚೌಕಿಯೊಳಗೆ ಇಣುಕಬೇಕು. ಯಾರು ಬಣ್ಣ ಹಚ್ಚಿಕೊಂಡು ಕೂತಿದ್ದಾರೆ ನೋಡಬೇಕು. ಡಿಎನ್‌ಎ ಅಂದರೆ ಪೆಟ್ಟಿಗೆ. ಕಾಲಿನ ಜೀವಕೋಶದಲ್ಲೂ ಕಿವಿರಿನ ಜೀವಕೋಶದಲ್ಲೂ ಅದೇ ಪೆಟ್ಟಿಗೆ. ಈಗ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತಿಳಿಸುವುದು ಆರ್‌ಎನ್‌ಎ. ಅದು ಚೌಕಿ. "ಹಾಗಾದ್ರೆ ನೀನು ಚೌಕಿಗೆ ಇಣುಕುವವಳು ಅನ್ನು" ಅಂದರು ಮಾವ. ಹೌದು, ಅದಕ್ಕೇ ಸಂಬಳ.

ಇಣುಕುವುದು ಸುಲಭವಿಲ್ಲ ಮಾತ್ರ. ಆರ್‌ಎನ್‌ಎ ತುಂಬ ನಾಜೂಕು. ನಮ್ಮ ಬೆರಳ ತುದಿಯಲ್ಲೇ ಅದನ್ನು ಕತ್ತರಿಸಿ ಹಾಕುವ ಕಿಣ್ವ ಇರುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಿದರೆ ಮುಗಿಯಿತು. ಜೊತೆಗೆ ಪಚ್ಚಿಲೆಯನ್ನು ಬಂಡೆಯಿಂದ ಕಿತ್ತ ಕ್ಷಣದಿಂದ ಅದಕ್ಕೆ ಅದೇ ಒಂದು ಹೊಸ ಗಾಬರಿ. ತಡ ಮಾಡಿದರೆ ಬಿಸಿಲಿನ ಕಥೆಯ ಬದಲು ನಾವು ಕಿತ್ತ ಕಥೆ ಸಿಗುತ್ತದೆ. ಹಾಗಾಗಿ ಬಂಡೆಯ ಮೇಲೇ ಕೂತು, ಚಿಪ್ಪು ಬಿಡಿಸಿ, ಕಿವಿರಿನ ಚೂರನ್ನು ಟ್ಯೂಬಿಗೆ ಹಾಕಿ, ತಕ್ಷಣ ಡ್ರೈ ಐಸ್‌ನಲ್ಲಿ ಹೂಳುತ್ತೇವೆ. ಆಮೇಲೆ ಮೈನಸ್ 80ರ ಫ್ರೀಜರಿಗೆ. ಬೀಚಿಗೆ ಬಂದವರು ನಾವು ಕದ್ದು ಪಿಕ್ನಿಕ್ ಮಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ.

ಆ ವಾರ ಕೈಕೊಟ್ಟದ್ದೇ ಆ ಫ್ರೀಜರ್. ಕೋವಿಡ್ ಕಾರಣಕ್ಕೆ ನಾವೆಲ್ಲ ಪಾಳಿಯಲ್ಲಿ ಬರುತ್ತಿದ್ದೆವು. ಕೋಣೆಯೇ ಕಾದುಹೋದ ಮೇಲೆ ಫ್ರೀಜರ್ ತನ್ನ ಬಿಸಿಯನ್ನು ಎಲ್ಲಿಗೆ ದೂಡಬೇಕು? ಅಲಾರ್ಮ್ ಶುರುವಾಯಿತು. ದುರಸ್ತಿಯವರಿಗೆ ಮಾಡಿದ ಕರೆಗೆ ಉತ್ತರ ಬಂದಾಗ ರಾತ್ರಿಯಾಗಿತ್ತು. ಊರಲ್ಲೆಲ್ಲ ಡ್ರೈ ಐಸ್ ಖಾಲಿ. ಡಬ್ಬಿಗಳನ್ನು ಹೊತ್ತು ಬೇರೆ ಬೇರೆ ಫ್ರೀಜರ್‌ಗಳಿಗೆ ತುಂಬಿದೆವು. ಹೆಚ್ಚಿನವು ಉಳಿದವು. ಹಿಂದಿನ ಬೇಸಿಗೆಯ ಒಂದು ರ‍್ಯಾಕ್ ಕರಗಿಹೋಯಿತು. ಬಿಸಿ ತಾಗಿದ ಪಚ್ಚಿಲೆಗಳ ಟ್ಯೂಬುಗಳೇ ಅವು! ಯಾರ ತಪ್ಪು ಅಂತ ಆಮೇಲೆ ಎರಡು ವಾರ ಮೇಲ್‌ಗಳು ಓಡಾಡಿದವು. ನನಗೆ ಸಿಟ್ಟು ಬಂದಿತ್ತು, ಇನ್ನೂ ಪೂರ್ತಿ ಇಳಿದಿಲ್ಲ.

ಬಿಸಿ ತಾಗಿದಾಗ ನಿಜಕ್ಕೂ ಆಗುವುದೇನು? ಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾಗುತ್ತದಲ್ಲ, ಅದು ಪ್ರೋಟೀನ್‌ಗಳ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಂಡಿದ್ದು. ಬದುಕಿರುವ ಪ್ರಾಣಿಯ ಒಳಗೂ ಅದೇ ಅಪಾಯ, ಸ್ವಲ್ಪ ಕಡಿಮೆ ಉರಿಯಲ್ಲಿ. ಬಂದರಿನಲ್ಲಿ ಬಲೆಯ ಸಿಕ್ಕು ಬಿಡಿಸುವವರು ಕೂತಿರುತ್ತಾರೆ ನೋಡಿ, ಜೀವಕೋಶದಲ್ಲೂ ಅಂಥವರಿದ್ದಾರೆ. ಎಚ್‌ಎಸ್‌ಪಿ-70 ಎಂಬ ಪ್ರೋಟೀನ್ ಅವರಲ್ಲಿ ಹೆಸರುವಾಸಿ. ಸಿಕ್ಕಾದ ಪ್ರೋಟೀನನ್ನು ಹಿಡಿದು ಮತ್ತೆ ಮಡಚಲು ಸಹಾಯ ಮಾಡುತ್ತದೆ.

ನನಗೆ ತುಂಬ ಇಷ್ಟವಾದದ್ದು ಇದರ ಸ್ವಿಚ್ಚು. ಎಚ್‌ಎಸ್‌ಎಫ್-1 ಎಂಬ ಪ್ರೋಟೀನ್ ಈ ಸಿಕ್ಕು ಬಿಡಿಸುವವರನ್ನು ತಯಾರಿಸುವ ಜೀನ್‌ಗಳನ್ನು ಎಬ್ಬಿಸಬೇಕು. ತಂಪು ಹೊತ್ತಿನಲ್ಲಿ ಸಿಕ್ಕು ಬಿಡಿಸುವವರೇ ಅದನ್ನು ಹಿಡಿದು ಕೂರಿಸಿರುತ್ತಾರೆ. ಬಿಸಿ ಏರಿ ಸಿಕ್ಕು ಜಾಸ್ತಿಯಾದಾಗ ಅವರು ಅದನ್ನು ಬಿಟ್ಟು ಕೆಲಸಕ್ಕೆ ಓಡುತ್ತಾರೆ. ಹಿಡಿತ ತಪ್ಪಿದ ಎಚ್‌ಎಸ್‌ಎಫ್ ಮೂರು ಮೂರಾಗಿ ಜೋಡಿಕೊಂಡು ಡಿಎನ್‌ಎ ಮೇಲೆ ಹೋಗಿ ಕೂರುತ್ತದೆ, ಇನ್ನಷ್ಟು ಜನರನ್ನು ಕರೆಸುತ್ತದೆ. ಸಾಕಷ್ಟು ಜನ ಬಂದು ಕೈ ಖಾಲಿಯಾದ ಮೇಲೆ ಮತ್ತೆ ಅದನ್ನು ಹಿಡಿದು ಕೂರಿಸುತ್ತಾರೆ. ಮೇಸ್ತ್ರಿ ಬೇಡ, ಥರ್ಮಾಮೀಟರ್ ಬೇಡ. ಕೆಲಸದ ಒತ್ತಡವೇ ಅಳತೆ.

ಹಣ್ಣುನೊಣದಲ್ಲಂತೂ ಇನ್ನೊಂದು ಚಮತ್ಕಾರ. ಜೀನನ್ನು ಓದುವ ಯಂತ್ರ ಎಚ್‌ಎಸ್‌ಪಿ-70ರ ಜೀನಿನ ಮೇಲೆ ಮೊದಲೇ ಹತ್ತಿ, ಸ್ವಲ್ಪ ದೂರ ಹೋಗಿ, ಅಲ್ಲೇ ತಡೆದು ನಿಂತಿರುತ್ತದೆ. ಬಸ್ಸಿನ ಇಂಜಿನ್ ಆನ್, ಕಂಡಕ್ಟರ್ "ರೈಟ್" ಅನ್ನುವುದೊಂದೇ ಬಾಕಿ. ಹಾಗಾಗಿ ಬಿಸಿ ತಾಗಿ ಕೆಲವೇ ನಿಮಿಷಗಳಲ್ಲಿ ಆರ್‌ಎನ್‌ಎ ಪ್ರತಿಗಳು ಹೊರಬೀಳುತ್ತವೆ.

ಬಿಸಿಗೆ ಜೀನ್‌ಗಳು ಎದ್ದೇಳುವುದು ಮೊದಲು ಕಣ್ಣಿಗೆ ಬಿದ್ದದ್ದೂ ಹಣ್ಣುನೊಣದಲ್ಲೇ, ಅದೂ ಒಂದು ಎಡವಟ್ಟಿನಿಂದ. ಇಟಲಿಯ ನೇಪಲ್ಸ್‌ನಲ್ಲಿ ಫೆರುಚಿಯೊ ರಿಟೊಸಾ ಎಂಬ ವಿಜ್ಞಾನಿ ನೊಣದ ಮರಿಯ ಜೊಲ್ಲುಗ್ರಂಥಿಯ ಕ್ರೋಮೊಸೋಮ್‌ಗಳನ್ನು ನೋಡುತ್ತಿದ್ದರು. ಯಾರೋ ಇನ್‌ಕ್ಯುಬೇಟರ್‌ನ ಬಿಸಿ ಏರಿಸಿಬಿಟ್ಟಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ರೋಮೊಸೋಮ್ ಮೇಲೆ ಹೊಸ ಹೊಸ ಉಬ್ಬು! ಜೀನ್ ಎದ್ದ ಜಾಗ ಹಾಗೆ ಉಬ್ಬುತ್ತದೆ. ಇದರಲ್ಲಿ ಅಂಥ ಮಹತ್ವವೇನಿಲ್ಲ ಎಂದು ಒಂದು ದೊಡ್ಡ ವಿಜ್ಞಾನ ಪತ್ರಿಕೆ ಅವರ ಲೇಖನವನ್ನು ವಾಪಸು ಕಳಿಸಿತಂತೆ. 1962ರಲ್ಲಿ ಬೇರೆ ಕಡೆ ಪ್ರಕಟವಾಯಿತು. ನಮ್ಮ ದೇಶದಲ್ಲೂ ಇದರ ದೊಡ್ಡ ಕೆಲಸ ನಡೆದಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಸ್. ಸಿ. ಲಖೋಟಿಯಾ ಅವರು ಬಿಸಿಗೆ ಎದ್ದೇಳುವ, ಆದರೆ ಯಾವ ಪ್ರೋಟೀನನ್ನೂ ಮಾಡದ ಒಂದು ವಿಚಿತ್ರ ಜೀನಿನ ಬೆನ್ನು ಹತ್ತಿ ದಶಕಗಳನ್ನೇ ಕಳೆದರು.

ಸರಿ, ಇಷ್ಟೆಲ್ಲ ರಕ್ಷಣೆ ಇದ್ದೂ ನಮ್ಮ ಬಂಡೆಯ ಪಚ್ಚಿಲೆ ಯಾಕೆ ಸತ್ತವು?

ರಕ್ಷಣೆ ಪುಕ್ಕಟೆ ಅಲ್ಲ. ಸಿಕ್ಕು ಬಿಡಿಸುವುದಕ್ಕೆ ಶಕ್ತಿ ಬೇಕು. ಆ ಹೊತ್ತಿನಲ್ಲಿ ಬೆಳೆಯುವ, ಮೊಟ್ಟೆ ಮಾಡುವ ಕೆಲಸದ ಜೀನ್‌ಗಳು ಸುಮ್ನೆ ಕೂರಬೇಕು. ಹಾಗಾಗಿ ಪ್ರತಿ ಪ್ರಾಣಿಯೂ ತಾನಿರುವ ಜಾಗಕ್ಕೆ ಎಷ್ಟು ಬೇಕೋ ಅಷ್ಟೇ ತಯಾರಿ ಇಟ್ಟುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾರ್ಜ್ ಸೊಮೆರೊ ಮತ್ತು ಲಾರ್ಸ್ ಟೊಮಾನೆಕ್ ಟೆಗುಲಾ ಎಂಬ ಬಸವನಹುಳುಗಳನ್ನು ಹೋಲಿಸಿದ್ದರು. ಬಂಡೆಯ ಮೇಲ್ಭಾಗದ, ದಿನಾ ಬಿಸಿಲು ಕಾಣುವ ಜಾತಿ ಬಿಸಿಲಿನ ಏಟಿನಿಂದ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡಿತು. ನೀರೊಳಗೇ ಇರುವ ಅದರ ದಾಯಾದಿಗೆ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ನೀರು ಸರಿದು ಬಂಡೆ ಬಿಸಿಲಿಗೆ ಬೀಳುವ ಮುಂದಿನ ಇಳಿತಗಳು ಬಂದಾಗಿರುತ್ತವೆ. ಇನ್ನು ಬಂಡೆಯ ತುತ್ತತುದಿಯ ಕೆಲವು ಲಿಂಪೆಟ್‌ಗಳು, ಅಂದರೆ ಟೊಪ್ಪಿಯಂಥ ಚಿಪ್ಪಿನ ಬಸವನಹುಳುಗಳು, ತಂಪು ದಿನದಲ್ಲೂ ಎಚ್‌ಎಸ್‌ಪಿ-70 ತುಂಬಿಸಿಟ್ಟುಕೊಂಡೇ ಇರುತ್ತವೆ. ನಮ್ಮಜ್ಜಿ ಮಳೆಗಾಲಕ್ಕೆ ಮುಂಚೆಯೇ ಕಟ್ಟಿಗೆ, ಹಪ್ಪಳ, ಒಣಮೀನು ಅಟ್ಟಕ್ಕೆ ಹಾಕಿದ ಹಾಗೆ. ಇದಕ್ಕೆ ತದ್ವಿರುದ್ಧ ಅಂಟಾರ್ಕ್ಟಿಕಾದ ಒಂದು ಮೀನು, ಟ್ರೆಮಾಟೋಮಸ್. ಸೊನ್ನೆಗಿಂತ ಕೆಳಗಿನ ಬಹುತೇಕ ಬದಲಾಗದ ನೀರಿನಲ್ಲಿ ಲಕ್ಷಾಂತರ ವರ್ಷ ಬದುಕಿ, ಬಿಸಿಗೆ ಎಚ್‌ಎಸ್‌ಪಿ ಹೆಚ್ಚಿಸುವುದನ್ನೇ ಅದು ಕಳೆದುಕೊಂಡಿದೆ.

ನಮ್ಮ ಪಚ್ಚಿಲೆಯ ತಯಾರಿ ವ್ಯಾಂಕೂವರಿನ ಮಾಮೂಲಿ ಜೂನ್ ತಿಂಗಳಿಗೆ. ಅಂದರೆ ಇಪ್ಪತ್ತರ ಆಸುಪಾಸಿನ ಹವೆಗೆ. ಅದಕ್ಕೆ ಇಳಿತದ ಹೊತ್ತೂ ಕೆಟ್ಟದಾಗಿ ಸೇರಿಕೊಂಡಿತು. ತೆರೆದ ಪೆಸಿಫಿಕ್ ತೀರದಲ್ಲಿ ಬೇಸಿಗೆಯ ದೊಡ್ಡ ಇಳಿತ ಬರುವುದು ಬೆಳಗಿನ ಜಾವದ ಹೊತ್ತಿಗೆ, ಬಂಡೆ ಇನ್ನೂ ತಣ್ಣಗಿರುವಾಗ. ನಮ್ಮದು ಒಳಗಡಲು. ಇಲ್ಲಿಗೆ ಇಳಿತ ಸುತ್ತಿ ಬರುವಷ್ಟರಲ್ಲಿ ಮಧ್ಯಾಹ್ನ. ಆ ವಾರ ವರ್ಷದ ದೊಡ್ಡ ಇಳಿತಗಳು ಅದೇ ನಡುಹಗಲಿನಲ್ಲಿ ಬಂದವು. ಗಂಟೆಗಟ್ಟಲೆ ನೀರಿಲ್ಲದೆ ಕಪ್ಪು ಚಿಪ್ಪು ಬಿಸಿಲಿಗೆ ಬಿದ್ದಿತ್ತು. ಪಚ್ಚಿಲೆ ಎದ್ದು ಹೋಗುವ ಹಾಗಿಲ್ಲ, ತನ್ನ ನಾರಿನಿಂದ ತಾನೇ ಕಟ್ಟಿಕೊಂಡಿರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಸಿಕ್ಕು ಬಿಡಿಸುವವರೂ ಸಿಕ್ಕಿನಲ್ಲೇ ಮುಳುಗಿದರು. ಹೊಸಬರನ್ನು ಮಾಡುವ ಯಂತ್ರವೂ ಪ್ರೋಟೀನಿನದೇ ಅಲ್ವಾ? ಅದೂ ಕೆಟ್ಟಿತು.

ಇದನ್ನು ಕೇಳಿದ ರಾಯಚೂರಿನವರು, "ಹಂಗಾದ್ರ ನನ್ನ ಜೀನೂ ಇಲ್ಲಿ ಬಂದು ಮಲಗ್ಯಾವೇನ್ರೀ?" ಅಂದರು. ಅಷ್ಟು ಸಲೀಸಾಗಿ ಹೋಲಿಸಬಾರದು ಅಂತ ನನ್ನ ಅನಿಸಿಕೆ. ನಮ್ಮ ಮೈ ಒಳಗಿನ ಬಿಸಿಯನ್ನು 37ರ ಹತ್ತಿರವೇ ಹಿಡಿದಿಡುತ್ತದೆ, ಪಚ್ಚಿಲೆಯ ಮೈ ಬಂಡೆಯ ಜೊತೆಗೇ ಕಾಯುತ್ತದೆ. ನಮ್ಮನ್ನು ಮುಖ್ಯವಾಗಿ ಉಳಿಸುವುದು ಬೆವರು, ಚರ್ಮಕ್ಕೆ ಹರಿಯುವ ರಕ್ತ. ಬಿಸಿಲಿನ ರೂಢಿ ಮೈಗೆ ಹತ್ತಲು ಒಂದೆರಡು ವಾರ ಬೇಕು, ತಂಪಿನಲ್ಲಿ ಕೆಲವು ವಾರ ಇದ್ದರೆ ಹೋಗಿಬಿಡುತ್ತದೆ. ಹುಟ್ಟಿದ ಊರಿನ ಬಿಸಿಲು ಹತ್ತು ವರ್ಷದ ಆಮೇಲೆ ಉಪಯೋಗಕ್ಕೆ ಬರುವುದಿಲ್ಲ. ಈಗ ಅವರ ಮನೆಯಲ್ಲಿ ಎರಡು ಎಸಿ.

ಪ್ರತಿ ಜೂನ್‌ನಲ್ಲೂ ಇಳಿತದ ಪಟ್ಟಿ ನೋಡಿಕೊಂಡು ಅದೇ ಬಂಡೆಗೆ ಹೋಗುತ್ತೇನೆ. ಆ ವರ್ಷವೂ ಎಲ್ಲವೂ ಸತ್ತಿರಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಬಂಡೆ ಬೋಳಾಗಿತ್ತು. ಅದೇ ಬಂಡೆಯ ಉತ್ತರದ ನೆರಳಿನಲ್ಲಿ, ಕಡಲಕಳೆಯ ಒದ್ದೆ ಹೊದಿಕೆಯ ಕೆಳಗೆ ಪಚ್ಚಿಲೆ ಬದುಕಿದ್ದವು. ನಡುವೆ ಒಂದು ಗೇಣು ಅಂತರ, ಅಷ್ಟೇ. ಈಗ ಬೋಳು ಕಡೆಗೂ ಬಿರುಕುಗಳಲ್ಲಿ ಮರಿಗಳು ಕೂತಿವೆ, ಉದ್ದಿನಕಾಳಿನಷ್ಟು.

ಕಳೆದ ಸಲ ಅಲ್ಲಿಂದಲೇ ಅಮ್ಮನಿಗೆ ವೀಡಿಯೊ ಕಾಲ್ ಮಾಡಿ ತೋರಿಸಿದೆ.

"ಸಣ್ಣದುಂಟು. ದೊಡ್ಡದಾದ ಮೇಲೆ ಸುಕ್ಕ ಮಾಡ್ಲಿಕ್ಕೆ ಆಗ್ತದಾ?"

"ಇಲ್ಲಮ್ಮ, ಇಲ್ಲಿ ಕಿತ್ತು ತಿನ್ನುವ ಹಾಗಿಲ್ಲ. ನೀರು ಗಲೀಜು ಅಂತ ಸರ್ಕಾರದ ನಿಷೇಧ ಉಂಟು."

"ಮತ್ತೆ ಎಂತಕ್ಕೆ ಮಾರಾಯ್ತಿ, ಈ ಬಿಸಿಲಿಗೆ ಅಲ್ಲಿ ಕೂತದ್ದು? ಟೊಪ್ಪಿ ಹಾಕಿಯಾದ್ರೂ ಕೂತ್ಕೊ."