ಬಿಲ್ಡ್ ಆಯ್ತು ಅಂದ್ರೆ ಪುಟ ಸರಿಯಿದೆ ಅಂತಲ್ಲ

ನಾನಿರುವುದು ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುವ ತಂಡದಲ್ಲಿ. ನಾವು ಬರೆಯುವುದೆಲ್ಲ ಮಾರ್ಕ್‌ಡೌನ್ ಫೈಲುಗಳಲ್ಲಿ, ಅಂದರೆ ಶೀರ್ಷಿಕೆ, ಪಟ್ಟಿಗಳನ್ನು ಸರಳ ಗುರುತುಗಳಿಂದ ತೋರಿಸುವ ಪಠ್ಯದಲ್ಲಿ. ಅವನ್ನು ಬ್ರೌಸರ್ ತೋರಿಸುವ ಎಚ್‌ಟಿಎಂಎಲ್ ಪುಟಗಳನ್ನಾಗಿ ಕಟ್ಟುವುದು ಹ್ಯೂಗೋ ಎಂಬ ಪ್ರೋಗ್ರಾಂ. ಹೀಗೆ ಕಟ್ಟುವುದಕ್ಕೇ ಬಿಲ್ಡ್ ಎನ್ನುವುದು. ಹಳೆಯ ಫಿಲ್ಮ್ ಕ್ಯಾಮೆರಾಗಳ ಬಗ್ಗೆ ನನ್ನದೇ ಒಂದು ಹವ್ಯಾಸದ ಸೈಟ್ ಕೂಡ ಇದೆ. ಅದನ್ನೂ ಹ್ಯೂಗೋದಲ್ಲೇ ಕಟ್ಟಿದ್ದೇನೆ. ನಮ್ಮ ತಂಡ ಈಗ ತಪ್ಪದೆ ಮಾಡುವ ಒಂದು ಪರೀಕ್ಷೆ ಶುರುವಾಗಿದ್ದು ಆ ಸೈಟಿನಲ್ಲಿ.

ಪರೀಕ್ಷೆ ಸರಳ. ಹ್ಯೂಗೋ ಆವೃತ್ತಿ ಬದಲಾಯಿಸುವ ಮೊದಲು ಇಡೀ ಸೈಟನ್ನು ಹಳೆಯ ಆವೃತ್ತಿಯಲ್ಲಿ ಒಂದು ಫೋಲ್ಡರಿಗೆ ಕಟ್ಟುತ್ತೇನೆ, ಹೊಸದರಲ್ಲಿ ಇನ್ನೊಂದಕ್ಕೆ. ಆಮೇಲೆ ಎರಡನ್ನೂ ಡಿಫ್ ಮಾಡಿ, ಅಂದರೆ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ಹೋಲಿಸಿ ನೋಡುತ್ತೇನೆ. ಬರೆದ ಫೈಲುಗಳನ್ನಲ್ಲ, ತಯಾರಾದ ಪುಟಗಳನ್ನು. ಓದುವವರ ಕೈಗೆ ಹೋಗುವುದು ಅದೇ ಅಲ್ವಾ?

2019ರ ನವೆಂಬರಿನಲ್ಲಿ ಬಂದ ಹ್ಯೂಗೋ 0.60ರಲ್ಲಿ ಮಾರ್ಕ್‌ಡೌನ್ ಓದುವ ಭಾಗವೇ ಬದಲಾಯಿತು. ಬ್ಲ್ಯಾಕ್‌ಫ್ರೈಡೇ ಹೋಗಿ ಗೋಲ್ಡ್‌ಮಾರ್ಕ್ ಬಂತು. ಗೋಲ್ಡ್‌ಮಾರ್ಕ್ ಮಾರ್ಕ್‌ಡೌನಿನ ನಿಯಮಗಳನ್ನು ಹೆಚ್ಚು ನಿಖರವಾಗಿ ಪಾಲಿಸುತ್ತದೆ, ಒಳ್ಳೆಯ ಬದಲಾವಣೆಯೇ. ಆದರೆ ಮಾರ್ಕ್‌ಡೌನ್ ನಡುವೆ ನೇರವಾಗಿ ಬರೆದ ಎಚ್‌ಟಿಎಂಎಲ್ ಅನ್ನು ಅದು ತಾನಾಗಿ ಒಳಗೆ ಬಿಡುವುದಿಲ್ಲ. ಏನನ್ನೋ ಬಿಟ್ಟಿದ್ದೇನೆ ಎನ್ನುವ ಒಂದು ಕಾಮೆಂಟನ್ನು ಆ ಜಾಗದಲ್ಲಿ ಇಟ್ಟು ಮುಂದೆ ಹೋಗುತ್ತದೆ. ಕಾಮೆಂಟ್ ಬ್ರೌಸರಿನಲ್ಲಿ ಕಾಣುವುದಿಲ್ಲ. ಬಿಲ್ಡ್ ಮಾತ್ರ ಯಾವ ದೋಷವನ್ನೂ ತೋರಿಸದೆ ಮುಗಿಯುತ್ತದೆ.

ನನ್ನ ಸೈಟಿನ ಶಟರ್ ವೇಗದ ಕೋಷ್ಟಕ ಹೀಗೇ ಮಾಯವಾಗಿತ್ತು. ಕೆಲವು ಖಾನೆಗಳನ್ನು ಸೇರಿಸಿ ಒಂದು ಮಾಡಬೇಕಿದ್ದರಿಂದ ಅದನ್ನು ಎಚ್‌ಟಿಎಂಎಲ್‌ನಲ್ಲೇ ಬರೆದಿದ್ದೆ. ಹೊಸ ಪುಟದಲ್ಲಿ ಶೀರ್ಷಿಕೆ ಇದೆ, ಅದರ ಕೆಳಗೆ ‘ಮೇಲಿನ ಕೋಷ್ಟಕ ನೋಡಿ’ ಎಂಬ ಸಾಲೂ ಇದೆ, ನಡುವೆ ಏನೂ ಇಲ್ಲ. ಡಿಫ್ ಇಲ್ಲದಿದ್ದರೆ ಪುಟ ಪುಟವೂ ತೆರೆದು ನೋಡಬೇಕಿತ್ತು. ಇನ್ನೊಂದು ಬದಲಾವಣೆ ಇನ್ನೂ ಸಣ್ಣದು. ಶೀರ್ಷಿಕೆಯಲ್ಲಿ 2.8 ಎಂದಿದ್ದರೆ ಆಂಕರಿನಲ್ಲಿ (ಪುಟದ ಆ ಭಾಗಕ್ಕೇ ಒಯ್ಯುವ ಕೊಂಡಿಯ ಗುರುತಿನಲ್ಲಿ) ಮೊದಲು 2-8 ಎಂದಾಗುತ್ತಿತ್ತು, ಈಗ ಚುಕ್ಕೆ ಬಿದ್ದುಹೋಗಿ 28 ಆಗುತ್ತದೆ. ಹಳೆಯ ಕೊಂಡಿ ಒತ್ತಿದವರು ಪುಟದ ತಲೆಯಲ್ಲೇ ನಿಲ್ಲುತ್ತಾರೆ.

ಇದನ್ನೇ ಕೆಲಸಕ್ಕೆ ತಂದೆವು. ನಮ್ಮ ಕೈಪಿಡಿಗಳಲ್ಲಿ ಎಚ್ಚರಿಕೆಯ ಪೆಟ್ಟಿಗೆಗಳೆಲ್ಲ ಎಚ್‌ಟಿಎಂಎಲ್‌ನ ಡಿವ್ ಟ್ಯಾಗಿನಲ್ಲಿದ್ದವು. ಹೊಸ ಆವೃತ್ತಿಯಲ್ಲಿ ಕಟ್ಟಿ ನೋಡಿದರೆ ‘ಮೊದಲು ಬ್ಯಾಕಪ್ ತೆಗೆದುಕೊಳ್ಳಿ’ ಎಂಬ ಪೆಟ್ಟಿಗೆ ಇಲ್ಲ, ಡೇಟಾ ಅಳಿಸುವ ಹಂತ ಮಾತ್ರ ಹಾಗೇ ಇದೆ. ಆ ಪುಟ ಬಳಕೆದಾರರಿಗೆ ಹೋಗುವ ಮೊದಲೇ ಸಿಕ್ಕಿತು. ‘ಅನ್‌ಸೇಫ್’ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಎಚ್‌ಟಿಎಂಎಲ್ ಮತ್ತೆ ಬರುತ್ತದೆ, ನನ್ನ ಸೈಟಿನಲ್ಲಿ ಹಾಗೇ ಮಾಡಿದೆ. ತಂಡದಲ್ಲಿ ತುಂಬ ಜನ ಬರೆಯುತ್ತಾರೆ, ಯಾರು ಯಾವ ಎಚ್‌ಟಿಎಂಎಲ್ ಸೇರಿಸುತ್ತಾರೋ ಹೇಳಲಾಗದು. ಅದಕ್ಕೇ ಅಲ್ಲಿ ಆ ದಾರಿ ಬೇಡವೆಂದು ಪೆಟ್ಟಿಗೆಗಳನ್ನೆಲ್ಲ ಶಾರ್ಟ್‌ಕೋಡ್ ಮಾಡಿಕೊಂಡೆವು, ಅಂದರೆ ಸಿದ್ಧ ಎಚ್‌ಟಿಎಂಎಲ್ ತುಣುಕನ್ನು ಹ್ಯೂಗೋ ತಾನೇ ಸೇರಿಸುವ ಚಿಕ್ಕ ಗುರುತು. ಕೆಲಸ ಜಾಸ್ತಿ ಆಯಿತು, ಆದರೂ ಅದೇ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನೀವೂ ಹೀಗೆ ಮಾಡುವುದಾದರೆ ಮೊದಲು ಟೆಂಪ್ಲೇಟಿನಲ್ಲಿ (ಪುಟಗಳ ಅಚ್ಚಿನಲ್ಲಿ) ಬಿಲ್ಡ್ ಆದ ಸಮಯವನ್ನು ಬರೆಯುವ ಸಾಲಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಪ್ರತಿ ಪುಟವೂ ಬದಲಾದಂತೆ ಕಾಣುತ್ತದೆ, ನಿಜವಾದ ಬದಲಾವಣೆ ಅದರಲ್ಲಿ ಮುಳುಗಿಹೋಗುತ್ತದೆ. ಟೆಂಪ್ಲೇಟು ಮತ್ತು ಆವೃತ್ತಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. ಹ್ಯೂಗೋ ಒಂದೇ ಫೈಲಿನ ಪ್ರೋಗ್ರಾಂ, ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಹ್ಯೂಗೋದಂಥದೇ ಇನ್ನೊಂದು ಪ್ರೋಗ್ರಾಂ ಜೆಕಿಲ್ ಬಳಸುವವರು, ಯಾವ ಆವೃತ್ತಿಗಳು ಬಳಕೆಯಲ್ಲಿವೆ ಎಂದು ದಾಖಲಿಸುವ ಜೆಮ್‌ಫೈಲ್ ಲಾಕನ್ನು (Gemfile.lock) ಫೈಲುಗಳ ಇತಿಹಾಸ ಉಳಿಸುವ ಗಿಟ್‌ನಲ್ಲಿ ಸೇರಿಸಿಡಬೇಕು.

ಡಿಫ್ ಓದುವ ಕೆಲಸವನ್ನು ನಮ್ಮಲ್ಲಿ ಎಂಜಿನಿಯರಿಗೆ ಬಿಡುವುದಿಲ್ಲ, ಆ ಪುಟ ಬರೆದವರೇ ಓದುತ್ತಾರೆ. ಟ್ಯಾಗ್ ಸರಿಯಿದೆಯೇ ಎಂದು ಯಾರು ಬೇಕಾದರೂ ಹೇಳಬಹುದು. ಅಲ್ಲಿ ಒಂದು ಎಚ್ಚರಿಕೆ ಇರಲೇಬೇಕಿತ್ತು ಎಂದು ಗೊತ್ತಿರುವುದು ಬರೆದವರಿಗೆ.